ಹಳ್ಳದ ಉಸುಕು ಸ್ಲ್ಯಾಬಿಗೆ ಆದೀತೇ?

ಪ್ರಶ್ನೆ: ನಮ್ಮ ಹೊಲಕ್ಕೆ ಹತ್ತಿಯೇ ಬೆಣ್ಣಿಹಳ್ಳ ಇದೆ. ತುಂಗಭದ್ರಾ ಹೊಳೆಯ ಉಸುಕು ಬಹಳ ತುಟ್ಟಿ. ಹೊಸ ಮನೆಯ ಸ್ಲ್ಯಾಬಿಗೆ ಹಳ್ಳದ ಉಸುಕನ್ನೇ ಹಾಕಬಹುದೇ? ಗೌಂಡಿ ಬೇಡ ಅನ್ನುತ್ತಾರೆ.
– ಓದುಗರು, ನವಲಗುಂದ ತಾಲ್ಲೂಕು

ಉತ್ತರ: ನಿಮ್ಮ ಗೌಂಡಿಯ ಮಾತು ಮುಕ್ಕಾಲು ಪಾಲು ಸರಿ. ಹಳ್ಳದ ಉಸುಕೊಂದನ್ನೇ ನೆಚ್ಚಿ ಸ್ಲ್ಯಾಬ್ ಹಾಕಿಸಬೇಡಿ. ಹಾಗಂತ ಅದನ್ನು ಪೂರ್ತಿ ಕೈಬಿಡಬೇಕಾಗಿಯೂ ಇಲ್ಲ.

ತೊಂದರೆ ಇರುವುದು ಉಸುಕಿಗೆ ಅಂಟಿಕೊಂಡು ಬರುವ ಎರೆಮಣ್ಣಿನಲ್ಲಿ. ಬೆಣ್ಣಿಹಳ್ಳ ಕುಂದಗೋಳ, ನವಲಗುಂದ ಸೀಮೆಯ ಎರೆಹೊಲಗಳ ನೀರನ್ನೆಲ್ಲ ಬಳಿದುಕೊಂಡು ಮಲಪ್ರಭೆ ಸೇರುತ್ತದೆ. ಆ ಮಣ್ಣು ಮಳೆಗೆ ಉಬ್ಬುವುದನ್ನೂ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುವುದನ್ನೂ ನಿಮಗೆ ನಾನು ಹೇಳಬೇಕಿಲ್ಲ. ಅದೇ ಮಣ್ಣು ಉಸುಕಿನ ಕಾಳಿನ ಮೇಲೆ ತೆಳುವಾಗಿ ಮೆತ್ತಿಕೊಂಡಿದ್ದರೆ ಸಿಮೆಂಟು ಕಾಳನ್ನು ಹಿಡಿಯುವುದಿಲ್ಲ, ಮಣ್ಣನ್ನು ಹಿಡಿಯುತ್ತದೆ. ಮೇಲಾಗಿ ಮಣ್ಣು ನೀರು ಕುಡಿಯುತ್ತದೆ. ಮಾಲು ಗಟ್ಟಿಯಾಯಿತೆಂದು ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಆ ಹೆಚ್ಚಿನ ನೀರು ಆರಿದ ಮೇಲೆ ಉಳಿಯುವುದು ಕಣ್ಣಿಗೆ ಕಾಣದ ರಂಧ್ರಗಳು. ಅವುಗಳ ದಾರಿಯಲ್ಲೇ ಗಾಳಿ, ತೇವ ಒಳಗಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ.

ಎರಡನೆಯದು ಕಾಳಿನ ಗಾತ್ರ. ರವೆಗಿಂತ ಹಿಟ್ಟಿಗೆ ನೀರು ಹೆಚ್ಚು ಬೇಕಲ್ಲವೇ, ಇಲ್ಲಿಯೂ ಹಾಗೆಯೇ. ಕಾಳು 2 ಮಿಲಿಮೀಟರಿನಿಂದ 0.2ಕ್ಕೆ ಇಳಿದರೆ, ತೂಕ ಅಷ್ಟೇ ಇದ್ದರೂ ಸಿಮೆಂಟು ಸವರಬೇಕಾದ ಮೈ ಹತ್ತು ಪಟ್ಟಾಗುತ್ತದೆ. ಐಎಸ್ 383 ಎಂಬ ಭಾರತೀಯ ಮಾನಕ ಉಸುಕನ್ನು ದಪ್ಪದಿಂದ ನುಣುಪಿನವರೆಗೆ ನಾಲ್ಕು ವಲಯಗಳಾಗಿ ವಿಂಗಡಿಸುತ್ತದೆ. ತೀರ ನುಣುಪಾದ ನಾಲ್ಕನೆಯದನ್ನು ಪರೀಕ್ಷೆ ಮಾಡದೆ ಕಬ್ಬಿಣ ಹಾಕುವ ಕಾಂಕ್ರೀಟಿಗೆ ಬಳಸಬಾರದು. 75 ಮೈಕ್ರಾನಿಗಿಂತ ಸಣ್ಣ ಧೂಳು ಹೊಳೆ-ಹಳ್ಳಗಳ ಉಸುಕಿನಲ್ಲಿ ತೂಕದ 3 ಶೇಕಡಾ ಮೀರಬಾರದು.

ಮನೆಯಲ್ಲೇ ನೋಡಿಕೊಳ್ಳುವ ದಾರಿಯೊಂದಿದೆ. ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು ಹಾಕಿ, ಒಂದು ಚಮಚ ಉಪ್ಪು ಕರಗಿಸಿದ ನೀರು ತುಂಬಿ, ಚೆನ್ನಾಗಿ ಕುಲುಕಿ ಮೂರು ತಾಸು ಅಲುಗಿಸದೆ ಇಡಿ. ಎರೆಯ ಕಣಗಳು ಬರೀ ನೀರಿನಲ್ಲಿ ಬೇಗ ತಳ ಸೇರುವುದಿಲ್ಲ, ಉಪ್ಪು ಅವನ್ನು ಒಂದಕ್ಕೊಂದು ಕೂಡಿಸಿ ಇಳಿಸುತ್ತದೆ. ಮೇಲೆ ಕುಳಿತ ಮಣ್ಣಿನ ಪದರ ಉಸುಕಿನ ಎತ್ತರದ 8 ಶೇಕಡಾ ದಾಟಿದರೆ ತೊಳೆಯದೆ ಮುಟ್ಟಬೇಡಿ. ಪರೀಕ್ಷೆಗೆ ಬಳಸಿದ ಉಸುಕನ್ನು ರಾಶಿಗೆ ಮರಳಿ ಹಾಕಬೇಡಿ, ಉಪ್ಪು ಕಬ್ಬಿಣದ ವೈರಿ. ಸುಣ್ಣದ ಮೆತ್ತನೆ ಹರಳುಗಳಿದ್ದರೆ ಸೋಸಿ ತೆಗೆಯಿರಿ. ಕಲಘಟಗಿ ಕಡೆಯ ಓದುಗರಿಗೂ ಒಂದು ಮಾತು: ಅಂಗೈಯಲ್ಲಿ ಹಿಡಿದ ಉಸುಕಿನಲ್ಲಿ ಕಾಗೆಬಂಗಾರ ಬಹಳ ಮಿಣುಕಿದರೆ ಅದು ಕಾಂಕ್ರೀಟಿಗೆ ಬೇಡ. ಆ ಚಪ್ಪಟೆ ಹಾಳೆಗಳಿಗೆ ಸಿಮೆಂಟು ಸರಿಯಾಗಿ ಕಚ್ಚುವುದಿಲ್ಲ.

ತೊಳೆಯುವುದೆಂದರೆ ನೀರು. ನಿಮ್ಮ ಭಾಗದ ಕೊಳವೆಬಾವಿಗಳಲ್ಲಿ ಸವುಳು ನೀರೇ ಹೆಚ್ಚು. ಆ ನೀರಿನಲ್ಲಿ ತೊಳೆದರೆ ಮಣ್ಣು ಹೋಗಿ ಉಪ್ಪು ಬಂದು ಕೂರುತ್ತದೆ. ಕಬ್ಬಿಣವಿರುವ ಕಾಂಕ್ರೀಟು ಕಲಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಮ್ ಮೀರಬಾರದೆಂದು ಐಎಸ್ 456 ಹೇಳುತ್ತದೆ. ಊರು ಕುಡಿಯುವ ಕೆರೆಯ ನೀರನ್ನು ಇದಕ್ಕೆ ಸುರಿಯಿರಿ ಎನ್ನಲು ನನಗೆ ಮನಸ್ಸಿಲ್ಲ. ಹೊಲದ ಕೃಷಿ ಹೊಂಡದಲ್ಲಿ ಮಳೆನೀರು ನಿಂತಿದ್ದರೆ ತೊಳೆಯಲು ಅದೇ ಒಳ್ಳೆಯದು.

ಆದ್ದರಿಂದ ಸ್ಲ್ಯಾಬಿಗೆ ಎಂ-ಸ್ಯಾಂಡ್ ತನ್ನಿ. ಕ್ರಷರಿನ ಬೂದಿಯನ್ನೇ ಎಂ-ಸ್ಯಾಂಡ್ ಎಂದು ಕೊಟ್ಟರೆ ಒಪ್ಪಬೇಡಿ. ಬೂದಿ ಖಡಿ ಒಡೆಯುವಾಗ ಉದುರಿದ ಶೇಷ, ಎಂ-ಸ್ಯಾಂಡ್ ಬೇಕೆಂದೇ ಒಡೆದು ಮೂಲೆ ದುಂಡಗೆ ಮಾಡಿ ಜರಡಿ ಹಿಡಿದದ್ದು. ಇದರಲ್ಲಿ 15 ಶೇಕಡಾವರೆಗೆ ಧೂಳನ್ನು ಮಾನಕ ಒಪ್ಪುತ್ತದೆ. ಆ ಧೂಳು ಕಲ್ಲಿನ ಪುಡಿ, ಉಬ್ಬುವ ಎರೆ ಅಲ್ಲ. ಎಂ-ಸ್ಯಾಂಡಿನ ಕಾಂಕ್ರೀಟು ಕರಣೆಗೆ ಒರಟು ಎಂದು ಗೌಂಡಿಗಳು ದೂರುತ್ತಾರೆ. ನಿಮ್ಮ ಹಳ್ಳದ ಉಸುಕು ಉಪಯೋಗಕ್ಕೆ ಬರುವುದು ಅಲ್ಲಿಯೇ. ಮೂರು ಬುಟ್ಟಿ ಎಂ-ಸ್ಯಾಂಡಿಗೆ ತೊಳೆದ ಉಸುಕು ಒಂದು ಬುಟ್ಟಿ ಬೆರೆಸಿದರೆ ನುಣುಪು ಕಾಳು ಸಂದಿ ತುಂಬಿ ಮಾಲು ಸಲೀಸಾಗುತ್ತದೆ. ಸ್ಲ್ಯಾಬಿಗೆ ಮುಂಚೆ ಅದೇ ಮಿಶ್ರಣದ 150 ಮಿಲಿಮೀಟರ್ ಕ್ಯೂಬುಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಒತ್ತಿಸಿ ನೋಡಿ.

ಮಿಕ್ಕ ಹಳ್ಳದ ಉಸುಕನ್ನು ತೊಳೆದು, ಸಾಣಿಸಿ, ಗಿಲಾವಿಗೆ ಇಟ್ಟುಕೊಳ್ಳಿ. ಹಳ್ಳ ಹೊಲಕ್ಕೆ ಹತ್ತಿಯೇ ಇದ್ದರೂ ಪರವಾನಗಿ ಇಲ್ಲದೆ ಟ್ರ್ಯಾಕ್ಟರ್ ಇಳಿಸಬೇಡಿ, ಮೊದಲು ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸಿ.