ಕಾಣದ ಮಸಿಯನ್ನು ಅಳೆಯುವುದು ಹೇಗೆ?

ಮಕ್ಕಳೇ, ಹೆಬ್ಬಾಳದಲ್ಲಿ ಬಸ್ಸಿಗಾಗಿ ಕಾಯುವಾಗ ಲಾರಿಯೊಂದು ಕಪ್ಪು ಹೊಗೆ ಉಗುಳುತ್ತಾ ಹೋಗುವುದನ್ನು ನೋಡಿದ್ದೀರಾ? ಸ್ವಲ್ಪ ಹೊತ್ತಿಗೆ ಹೊಗೆ ಕಾಣುವುದಿಲ್ಲ. ಅದು ಎಲ್ಲಿ ಹೋಯಿತು?

ಎಲ್ಲಿಯೂ ಹೋಗಿಲ್ಲ, ಗಾಳಿಯಲ್ಲಿ ಚದುರಿದೆ ಅಷ್ಟೆ. ಗಾಳಿಯಲ್ಲಿ ತೇಲುವ ಧೂಳು, ಉಪ್ಪು, ಹೊಗೆ ಮುಂತಾದವುಗಳ ಸೂಕ್ಷ್ಮ ಕಣಗಳಿಗೆ ‘ಏರೋಸಾಲ್’ ಎಂದು ಹೆಸರು. ಡೀಸೆಲ್, ಸೌದೆ, ಕಸ ಪೂರ್ಣವಾಗಿ ಉರಿಯದಿದ್ದಾಗ ಬರುವ ಮಸಿಯ ಕಣವೇ ‘ಕಪ್ಪು ಇಂಗಾಲ’. ಇದು ಉಸಿರಿನೊಂದಿಗೆ ನಮ್ಮ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ಇದನ್ನು ಅಳೆಯುವ ಉಪಕರಣ ಈಥಲೋಮೀಟರ್. ಒಳಗಿನ ಪಂಪು ಗಾಳಿಯನ್ನು ಎಳೆದು ಬಿಳಿಯ ಸೋಸುಪಟ್ಟಿಯ ಮೂಲಕ ಹಾಯಿಸುತ್ತದೆ. ಮಸಿ ಪಟ್ಟಿಯ ಮೇಲೆ ನಿಲ್ಲುತ್ತದೆ. ಪಟ್ಟಿಯ ಮೇಲೆ ಬೆಳಕು ಬಿಡುತ್ತಾರೆ. ಮಸಿ ಹೆಚ್ಚಿದಷ್ಟೂ ದಾಟಿ ಬರುವ ಬೆಳಕು ಕಡಿಮೆ. ಹೀಗೆ ಬೆಳಕಿನ ಲೆಕ್ಕದಿಂದ ಮಸಿಯ ಲೆಕ್ಕ ಸಿಗುತ್ತದೆ.

2001ರ ನವೆಂಬರ್‌ನಲ್ಲಿ ಎಸ್. ಸುರೇಶ್ ಬಾಬು, ಎಸ್. ಕೆ. ಸತೀಶ್ ಮತ್ತು ಕೆ. ಕೃಷ್ಣಮೂರ್ತಿ ಎಂಬ ವಿಜ್ಞಾನಿಗಳು ಬೆಂಗಳೂರಿನ ಗಾಳಿಯನ್ನು ಪರೀಕ್ಷಿಸಿದರು. ತೇಲುವ ಕಣಗಳ ಒಟ್ಟು ತೂಕದಲ್ಲಿ ಶೇಕಡಾ 11ರಷ್ಟು ಕಪ್ಪು ಇಂಗಾಲವೇ ಇತ್ತು!

ನೆಲದ ಮೇಲೆ ಅಳೆದರೆ ಸಾಕೇ? ಸಾಲದು. ಬಿಸಿಗಾಳಿಯೊಂದಿಗೆ ಮಸಿಯೂ ಮೇಲೇರುತ್ತದೆ. ಆದ್ದರಿಂದ 2006ರ ಮಾರ್ಚ್‌ನಿಂದ ಮೇವರೆಗೆ ಇಸ್ರೋ ನಡೆಸಿದ ‘ಐಕಾರ್ಬ್’ ಅಭಿಯಾನದಲ್ಲಿ ನೆಲ ಮತ್ತು ಹಡಗಿನ ಜೊತೆಗೆ ವಿಮಾನದಿಂದಲೂ ಅಳತೆ ಮಾಡಲಾಯಿತು. ವಿಮಾನದ ಹೊರಕ್ಕೆ ಚಾಚಿದ ಕೊಳವೆಯಿಂದ ಗಾಳಿ ಒಳಗಿನ ಉಪಕರಣಕ್ಕೆ ಬರುತ್ತದೆ. ಬೇರೆ ಬೇರೆ ಎತ್ತರದಲ್ಲಿ ಹಾರಿದರೆ ಎಲ್ಲಿ ಎಷ್ಟು ಮಸಿ ಇದೆಯೆಂದು ತಿಳಿಯುತ್ತದೆ.

ಮೇಲೇರಿದ ಮಸಿಯನ್ನು ಗಾಳಿ ಬಹುದೂರ ಒಯ್ಯುತ್ತದೆ. ಜನವಸತಿ ತೀರ ಕಡಿಮೆ ಇರುವ ಉತ್ತರ ಧ್ರುವ ಪ್ರದೇಶದಲ್ಲೂ ಮಸಿ ಇದೆ! 2009ರಲ್ಲಿ ಜರ್ಮನಿಯ ‘ಪೋಲಾರ್ 5’ ವಿಮಾನ ಅಲ್ಲಿನ ಆಕಾಶದಲ್ಲಿ ಏರೋಸಾಲ್‌ಗಳನ್ನು ಅಳೆಯಿತು. 2008ರಲ್ಲಿ ಭಾರತ ತೆರೆದ ‘ಹಿಮಾದ್ರಿ’ ಕೇಂದ್ರದಲ್ಲೂ ನಮ್ಮ ವಿಜ್ಞಾನಿಗಳು ಕಪ್ಪು ಇಂಗಾಲವನ್ನು ಅಳೆದಿದ್ದಾರೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಮಸಿ ಬಿದ್ದ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆ.

ಮಾಡಿ ನೋಡಿ: ಒಂದೇ ಗಾತ್ರದ ಎರಡು ಮಂಜುಗಡ್ಡೆಗಳನ್ನು ಎರಡು ತಟ್ಟೆಗಳಲ್ಲಿಟ್ಟು ಬಿಸಿಲಿಗಿಡಿ. ಒಂದರ ಮೇಲೆ ಇದ್ದಿಲ ಪುಡಿ ಉದುರಿಸಿ. ಯಾವುದು ಮೊದಲು ಕರಗಿತು? ಏಕೆ? ಬರೆದಿಡಿ.

ಮಸಿ ಗಾಳಿಯಲ್ಲಿ ಉಳಿಯುವುದು ಕೆಲವು ದಿನಗಳಿಂದ ಒಂದೆರಡು ವಾರ ಮಾತ್ರ. ಮಳೆ ಬಂದರೆ ತೊಳೆದುಹೋಗುತ್ತದೆ. ನಾವು ಮಸಿ ಎಬ್ಬಿಸುವುದನ್ನು ನಿಲ್ಲಿಸಿದರೆ ಗಾಳಿ ಬೇಗ ತಿಳಿಯಾಗುತ್ತದೆ. ನಿಮ್ಮ ಶಾಲೆಯ ಅಂಗಳದ ತರಗೆಲೆಗಳನ್ನು ನಾಳೆ ಸುಡುವಿರಾ, ಗುಂಡಿಗೆ ಹಾಕಿ ಗೊಬ್ಬರ ಮಾಡುವಿರಾ?