ಬಯಾಸ್‌ಗೆ ಕಂಡ ಎಸ್‌ಎಸ್‌ಡಿ ವಿಂಡೋಸ್‌ಗೇಕೆ ಕಾಣದು?

1969ರಲ್ಲೇ ಟಿಡಿಸಿ-12 ಕಂಪ್ಯೂಟರ್ ಹೊರತಂದ ಸರ್ಕಾರಿ ಕಂಪನಿ ಇಸಿಐಎಲ್‌ನ ನೆರೆಯಲ್ಲೇ, ಹೈದರಾಬಾದಿನ ಕುಷಾಯಿಗೂಡದಲ್ಲಿ, ಕನ್ನಡಿಗ ಓದುಗರೊಬ್ಬರಿಗೆ ಪೇಚಾಟ. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಯಿಂದ ಬಿಡಿಭಾಗ ತಂದು ತಾವೇ ಜೋಡಿಸಿದ್ದಾರೆ: 12ನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್, ಎನ್‌ವಿಎಂಇ ಎಸ್‌ಎಸ್‌ಡಿ. ಬಯಾಸ್‌ನಲ್ಲಿ ಎಸ್‌ಎಸ್‌ಡಿಯ ಹೆಸರಿದೆ. ವಿಂಡೋಸ್ 11 ಹಾಕಲು ಹೋದರೆ ಡ್ರೈವ್‌ಗಳ ಪಟ್ಟಿ ಖಾಲಿ.

ಅಂಗಡಿಯವರೊಂದಿಗೆ ಜಗಳಕ್ಕಿಳಿಯುವುದು ಬೇಡ.

ಎಸ್‌ಎಸ್‌ಡಿ ಬಹುಶಃ ಸರಿಯಾಗಿಯೇ ಇದೆ. ಇಂಟೆಲ್‌ನ 11ನೇ ಪೀಳಿಗೆಯಿಂದೀಚೆಗೆ ಹಲವು ಯಂತ್ರಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಡ್ರೈವ್‌ಗಳನ್ನು ತನ್ನ ಸುಪರ್ದಿಗೆ ತೆಗೆದುಕೊಳ್ಳುತ್ತದೆ. ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇಲ್ಲದಿದ್ದರೆ ಡ್ರೈವ್ ಇದ್ದೂ ಇಲ್ಲದಂತೆ. ಮನೆಬಳಕೆಗೆ ರೇಡ್ (ಹಲವು ಡ್ರೈವ್‌ಗಳನ್ನು ಒಂದಾಗಿ ಬಳಸುವ ಏರ್ಪಾಡು) ಬೇಕಿಲ್ಲದಿದ್ದರೆ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿದರೆ ಸಾಕು. ವಿಎಂಡಿ ಬೇಕೇ ಬೇಕೆಂದರೆ, ಮದರ್‌ಬೋರ್ಡ್ ಕಂಪನಿಯ ತಾಣದಿಂದ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಝಿಪ್ ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಬೇಕು. ವಿಂಡೋಸ್ ಕೂತ ಮೇಲೆ ಮಾತ್ರ ಈ ವಿಎಂಡಿ ಸೆಟ್ಟಿಂಗ್ ಮುಟ್ಟಬಾರದು. ಬೂಟ್ ಆಗುವುದೇ ನಿಂತೀತು.

ಆಮೇಲೆ 'ಈ ಪಿಸಿಗೆ ವಿಂಡೋಸ್ 11 ಆಗದು' ಎಂಬರ್ಥದ ತಕರಾರು ಬಂದರೆ, ಬೇರೆ ಚಿಪ್ ಕೊಳ್ಳಬೇಕಿಲ್ಲ. ವಿಂಡೋಸ್ ಕೇಳುವ ಭದ್ರತಾ ಘಟಕ ಟಿಪಿಎಂ 2.0 ಇಂಟೆಲ್‌ನಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿ ಬಯಾಸ್‌ನೊಳಗೇ ಇರುತ್ತದೆ, ಆನ್ ಮಾಡಿದರಾಯಿತು. ವಿಂಡೋಸ್ ಹಾಕುವ ಪೆನ್‌ಡ್ರೈವನ್ನು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದಲೇ ಸಿದ್ಧಪಡಿಸುವುದು ಲೇಸು: ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಯದು, ಕೈಯಾರೆ ಕಾಪಿ ಮಾಡಿದವರು ಎಡವುವುದು ಅಲ್ಲೇ.