ಮೀನಿನ ತೊಟ್ಟಿಯಿಂದ ಸುದ್ದಿ ಬಾರದಿದ್ದಾಗ

ಮೀನಿನ ತೊಟ್ಟಿಯನ್ನು ಮನೆಯಲ್ಲಿರಿಸಿಕೊಂಡವರು ಹಿಂದೆ ಬೆಳಗು ಬೈಗು ಉಷ್ಣಮಾಪಕವನ್ನು ನೋಡಿ, ಕೈಯಾರೆ ಹೀಟರಿನ ಸ್ವಿಚ್ಚನ್ನು ಹಾಕಿ ತೆಗೆಯುತ್ತಿದ್ದರು. ಈಗ ಆ ಕೆಲಸವನ್ನು ಅಂಗೈಯಗಲದ ಕಂಟ್ರೋಲರೊಂದು ವಹಿಸಿಕೊಳ್ಳಬಲ್ಲದು. ನೀರಿನಲ್ಲಿ ಮುಳುಗಿರುವ ಸಂವೇದಕವು ಅದರ ಕಣ್ಣು; ಹೀಟರು, ಪಂಪು, ದೀಪಗಳನ್ನು ಹೊತ್ತಿಸಿ ಆರಿಸುವ ರಿಲೇ ಪೆಟ್ಟಿಗೆಯು ಅದರ ಕೈ. ಕಣ್ಣು ಕಂಡದ್ದು ಮಿದುಳಿಗೆ ತಲುಪುವುದೂ ಮಿದುಳಿನ ಆಜ್ಞೆ ಕೈಗೆ ಮುಟ್ಟುವುದೂ ತಂತಿಯ ಮೂಲಕ. ಈ ಮಾತುಕತೆ ಕೆಟ್ಟಾಗ ದೋಷವನ್ನು ಪತ್ತೆಹಚ್ಚುವ ಬಗೆ ಯಾವುದೆಂಬುದನ್ನು ವಿಚಾರಮಾಡೋಣ.

ವಿಷಯ ಅಲ್ಪವೆಂದು ವಾಚಕರು ಭಾವಿಸಬಾರದು. 200 ಲೀಟರು ನೀರಿರುವ ತೊಟ್ಟಿಯಲ್ಲಿ 300 ವಾಟಿನ ಹೀಟರೊಂದು ಎಡೆಬಿಡದೆ ಉರಿಯುತ್ತಿದೆಯೆನ್ನಿ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4,200 ಜೂಲ್ ಶಕ್ತಿ ಬೇಕು. ಅಂದಮೇಲೆ ಇಡೀ ತೊಟ್ಟಿಗೆ 8,40,000 ಜೂಲ್. ಹೀಟರು ಗಂಟೆಯೊಂದಕ್ಕೆ 10,80,000 ಜೂಲ್ ಒದಗಿಸುತ್ತದೆ. ಶಾಖವು ಹೊರಗೆ ಸೋರದಿದ್ದರೆ ನೀರು ಗಂಟೆಗೆ 1.3 ಡಿಗ್ರಿಯಂತೆ ಕಾಯುವುದು. ರಾತ್ರಿ 10ಕ್ಕೆ ಮಾತು ಕಡಿದ ಯಂತ್ರವನ್ನು ಬೆಳಿಗ್ಗೆ 6ಕ್ಕೆ ಎದ್ದು ನೋಡುವ ವೇಳೆಗೆ ಲೆಕ್ಕದ ಮೇಲೆ 10 ಡಿಗ್ರಿ ಏರಿರುತ್ತದೆ. ಗಾಜಿನಿಂದಲೂ ಮೇಲ್ಮೈಯಿಂದಲೂ ಸೋರಿದ ಶಾಖವನ್ನು ಕಳೆದರೂ ಉಳಿಯುವುದು ಮೀನಿನ ಪ್ರಾಣಕ್ಕೆ ಕುತ್ತು ತರಬಲ್ಲದು. ಸಾಲದುದಕ್ಕೆ, ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ. ಮೀನಿಗೋ, ನೀರು ಬಿಸಿಯಾದಷ್ಟೂ ಆಮ್ಲಜನಕದ ಅಗತ್ಯ ಹೆಚ್ಚು.

ಮನೆಯಲ್ಲಿ ಕೂಡಿಸಿದ ಇಂತಹ ಏರ್ಪಾಡುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಡಿಎಸ್18ಬಿ20 ಎಂಬ ಉಷ್ಣಸಂವೇದಕ. ಇದು ತನ್ನ ಉತ್ತರವನ್ನು ಒಂದೇ ಸಂದೇಶತಂತಿಯ ಮೇಲೆ ಅಂಕೆಗಳ ರೂಪದಲ್ಲಿ ಕಳುಹಿಸುತ್ತದೆ. ಪ್ರತಿಯೊಂದಕ್ಕೂ ತನ್ನದೇ ಆದ 64 ಬಿಟ್ಟುಗಳ ಗುರುತಿನ ಸಂಖ್ಯೆಯುಂಟಾದುದರಿಂದ ಹಲವನ್ನು ಒಂದೇ ತಂತಿಗೆ ಕಟ್ಟಬಹುದು. ಈ ತಂತಿ ಕೈಕೊಟ್ಟಾಗ ಪರದೆಯ ಮೇಲೆ ಎರಡು ವಿಚಿತ್ರ ಸಂಖ್ಯೆಗಳು ತಲೆಹಾಕುವುದುಂಟು: ಒಂದು 85, ಇನ್ನೊಂದು ಋಣ 127. ಮೊದಲ ಸಲ ಇವನ್ನು ಕಂಡವರು ಸಂವೇದಕವೇ ಕೆಟ್ಟಿತೆಂದು ಹೊಸದನ್ನು ತರಲು ಅಂಗಡಿಗೆ ಓಡುತ್ತಾರೆ. ನಾವೂ ಓಡಿದವರೇ.

ಈ 85 ಎಂಬುದು ಅಳತೆಯೇ ಅಲ್ಲ. ವಿದ್ಯುತ್ತು ಬಂದೊಡನೆ ಸಂವೇದಕದ ನೆನಪಿನಲ್ಲಿ ತಾನಾಗಿ ಕೂರುವ ಆರಂಭದ ಅಂಕೆ ಅದು. ಪೂರ್ಣ ಸೂಕ್ಷ್ಮತೆಯಿಂದ ಒಮ್ಮೆ ಅಳೆಯಲು ಸಂವೇದಕಕ್ಕೆ ಮುಕ್ಕಾಲು ಸೆಕೆಂಡಿನವರೆಗೆ ಹಿಡಿಯುತ್ತದೆ. ಮೊದಲ ಅಳತೆ ಮುಗಿಯುವ ಮುನ್ನವೇ ಕೇಳಿದರೆ, ಇಲ್ಲವೆ ಅಳೆಯುತ್ತಿರುವಾಗ ವಿದ್ಯುತ್ತು ಕ್ಷಣಕಾಲ ತಪ್ಪಿಹೋದರೆ, 85 ಎಂಬ ಉತ್ತರವೇ ಸಿಕ್ಕುವುದು. ಆದುದರಿಂದ 85 ಪದೇ ಪದೇ ಕಂಡರೆ ವಿದ್ಯುತ್ತನ್ನು ಒದಗಿಸುವ ತಂತಿಯ ಮೇಲೆ ಸಂದೇಹಪಡಬೇಕು. ಋಣ 127 ಆದರೋ ಸಂವೇದಕವು ಆಡಿದ ಮಾತೇ ಅಲ್ಲ. ಅದರ ಅಳತೆಯ ವ್ಯಾಪ್ತಿ ಋಣ 55ರಿಂದ 125 ಡಿಗ್ರಿಯವರೆಗೆ ಮಾತ್ರ. ಉತ್ತರ ಬಾರದಿದ್ದಾಗ, ಬಹುಜನರು ಬಳಸುವ ಪ್ರೋಗ್ರಾಮೊಂದು ಮೌನದ ಗುರುತಾಗಿ ಆ ಸಂಖ್ಯೆಯನ್ನು ಬರೆದಿಡುತ್ತದೆ.

ಈಗ ಕಂಟ್ರೋಲರಿನ ಪಾಡನ್ನು ಯೋಚಿಸಿರಿ. 85ನ್ನು ನಂಬಿದರೆ ಅದು ಹೀಟರನ್ನು ಆರಿಸಿ ಮೀನನ್ನು ಚಳಿಗೆ ನೂಕುತ್ತದೆ. ಋಣ 127ನ್ನು ನಂಬಿದರೆ, ಇಷ್ಟೊಂದು ಶೈತ್ಯವೇ ಎಂದು ಬೆಚ್ಚಿ, ಹೀಟರನ್ನು ಆರಿಸುವುದೇ ಇಲ್ಲ. ಮೇಲೆ ಲೆಕ್ಕಹಾಕಿದ ಅನಾಹುತ ನಡೆಯುವುದು ಹೀಗೆ.

ಸಂದೇಶದ ಕೊನೆಯಲ್ಲಿ ತಾಳೆ ನೋಡುವುದಕ್ಕೆಂದೇ ಒಂದು ಬೈಟ್ ಇರುವುದಲ್ಲ, ಅದು ಕಾಪಾಡದೆ ಎಂದು ಬಲ್ಲವರು ಕೇಳಬಹುದು. ಅರ್ಧ ಕಾಪಾಡುತ್ತದೆ. ಅಂಕೆಗಳು ದಾರಿಯಲ್ಲಿ ಕೆಟ್ಟಿದ್ದರೆ ಅದು ತಿಳಿಸುತ್ತದೆ. 85 ಆದರೋ ಕೆಡದೆ ಬಂದ ಅಂಕೆ, ತಾಳೆಯಾಗಿಯೇ ಆಗುತ್ತದೆ. ಬೈಟುಗಳೆಲ್ಲವೂ ಸೊನ್ನೆಯಾಗಿ ಬಂದರೂ ಲೆಕ್ಕ ಸರಿಹೋಗುತ್ತದೆ! ಕಾಗದ ಹರಿಯದೆ ಬಂತೆಂದ ಮಾತ್ರಕ್ಕೆ ಒಳಗಿನ ಒಕ್ಕಣೆ ನಿಜವೆ? ಆದಕಾರಣ 15ಕ್ಕಿಂತ ಕೆಳಗಿನ, 40ಕ್ಕಿಂತ ಮೇಲಿನ ಅಂಕೆಗಳನ್ನೂ, ಎರಡು ಅಳತೆಗಳ ನಡುವೆ ತಟಕ್ಕನೆ ಜಿಗಿಯುವ ಅಂಕೆಗಳನ್ನೂ ತಳ್ಳಿಹಾಕುವಂತೆ ಪ್ರೋಗ್ರಾಮಿನಲ್ಲೇ ಕಟ್ಟುಮಾಡಿರಬೇಕು.

ಇನ್ನು ಹುಡುಕಾಟ. ಎಲ್ಲಕ್ಕೂ ಮೊದಲು ಹೀಟರಿನ ಪ್ಲಗ್ಗನ್ನು ಕೀಳಿರಿ. ನೀರಿಗೆ ಕೈಯಿಕ್ಕುವುದಾದರೆ ಉಳಿದ ಪ್ಲಗ್ಗುಗಳನ್ನೂ ಕೀಳಿರಿ. ಒಂದೇ ಸಂವೇದಕ ಮೌನವಾಗಿದ್ದರೆ ದೋಷ ಅದರ ಕವಲಿನಲ್ಲಿದೆ. ಎಲ್ಲವೂ ಮೌನವಾಗಿದ್ದರೆ ಎಲ್ಲಕ್ಕೂ ಸಮಾನವಾದುದನ್ನು ನೋಡಬೇಕು. ಸಂದೇಶತಂತಿಯನ್ನು ವಿದ್ಯುತ್ತಿನ ಮಟ್ಟಕ್ಕೆ ಎತ್ತಿ ಹಿಡಿಯಲು 4.7 ಕಿಲೋಓಮಿನ ರೋಧಕವೊಂದಿರುತ್ತದೆ. ಯಂತ್ರಕ್ಕೆ ವಿದ್ಯುತ್ತು ಹರಿಯುತ್ತಿದ್ದು ತಂತಿ ಸುಮ್ಮನಿರುವಾಗ ಮೀಟರು 3.3 ಅಥವಾ 5 ವೋಲ್ಟನ್ನು, ಎಂದರೆ ಆ ಏರ್ಪಾಡಿಗೆ ಒದಗಿಸಿದಷ್ಟನ್ನೇ, ತೋರಿಸಬೇಕು. ಸೊನ್ನೆಯ ಬಳಿಯಿದ್ದರೆ ರೋಧಕ ಬಿಟ್ಟುಹೋಗಿದೆ, ಇಲ್ಲವೆ ಯಾವುದೋ ಕವಲು ತಂತಿಯನ್ನು ಕೆಳಕ್ಕೆಳೆಯುತ್ತಿದೆ. ಆಗ ಅರ್ಧದಷ್ಟು ಕವಲುಗಳನ್ನು ಬಿಚ್ಚಿ ನೋಡಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧಮಾಡುತ್ತ ಹೋದರೆ, ಎಂಟು ಕವಲುಗಳಲ್ಲಿ ಕೆಟ್ಟ ಒಂದನ್ನು ಮೂರೇ ಸಲಕ್ಕೆ ಹಿಡಿಯಬಹುದು.

ಕಡಲನೀರಿನ ತೊಟ್ಟಿಯಾದರೆ ನಮ್ಮ ಮೊದಲ ಗುಮಾನಿ ಉಪ್ಪಿನ ಮೇಲೆ. ಸಿಡಿದ ಹನಿ ಆರಿ ಉಳಿದ ಉಪ್ಪು, ತೇವವನ್ನು ಹೀರಿ, ತಂತಿಯ ಗುಂಟ ತೆವಳಿ ಜೋಡಣೆಯೊಳಕ್ಕೆ ಇಳಿದು ತಾಮ್ರವನ್ನು ಹಸಿರುಗಟ್ಟಿಸುತ್ತದೆ. ಕನೆಕ್ಟರನ್ನು ಹೊರಗಿನಿಂದ ನೋಡಿ ಸರಿಯಿದೆಯೆಂದುಕೊಳ್ಳದೆ ಬಿಚ್ಚಿ ನೋಡಬೇಕು. ಪಂಪು ಹೊರಟಾಗ ಮಾತ್ರ ಮಾತು ತಪ್ಪುತ್ತಿದ್ದರೆ ಅದು ಬೇರೆಯೇ ಕಥೆ: ರಿಲೇಯ ಕಿಡಿಯ ಗದ್ದಲ. ಸಂದೇಶತಂತಿಯನ್ನು ಮೇನ್ಸ್ ತಂತಿಯಿಂದ ದೂರ ಎಳೆದರೆ ಇದು ಎಷ್ಟೋ ತಗ್ಗುತ್ತದೆ.

ರಿಲೇ ಪೆಟ್ಟಿಗೆ ದೂರದಲ್ಲಿರುವೆಡೆ ಆರ್‌ಎಸ್-485 ಪದ್ಧತಿಯ ಹೆಣೆದ ಜೋಡಿತಂತಿಯನ್ನು ಎಳೆಯುವುದುಂಟು. ಅದರ ಎರಡು ತುದಿಗಳಲ್ಲಿ ಮಾತ್ರ 120 ಓಮಿನ ರೋಧಕಗಳಿರಬೇಕು. ವಿದ್ಯುತ್ತನ್ನು ನಿಲ್ಲಿಸಿ ಜೋಡಿಯ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ರೋಧಕವಿಲ್ಲ, ಇಲ್ಲವೆ ತಂತಿ ನಡುವೆ ಕಡಿದಿದೆ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ.

ದುರಸ್ತಿಯಾದ ಮೇಲೆ ಒಂದು ಪರೀಕ್ಷೆಯನ್ನು ಹಗಲಿನಲ್ಲಿಯೇ ಮಾಡಬೇಕು. ಹೀಟರು ಉರಿಯುತ್ತಿರುವಾಗ ಸಂವೇದಕದ ತಂತಿಯನ್ನು ಬೇಕೆಂದೇ ಕೀಳಿರಿ. ಮತ್ತೊಮ್ಮೆ ರಿಲೇ ಪೆಟ್ಟಿಗೆಯ ಸಂದೇಶತಂತಿಯನ್ನು ಕೀಳಿರಿ. ಎರಡು ಸಲವೂ ನಿಮಿಷದೊಳಗೆ ಹೀಟರು ಆರಬೇಕು, ಗಾಳಿಯ ಪಂಪು ಓಡುತ್ತಲೇ ಇರಬೇಕು. ಹೀಟರು ಆರದಿದ್ದರೆ, ಅದಕ್ಕೆ ಕಂಟ್ರೋಲರಿನ ಹಂಗಿಲ್ಲದ ಥರ್ಮೋಸ್ಟಾಟೊಂದನ್ನು ಜೋಡಿಸುವವರೆಗೆ ತೊಟ್ಟಿಯನ್ನು ಆ ಯಂತ್ರದ ಕೈಗೊಪ್ಪಿಸಿ ಪರಊರಿಗೆ ಹೋಗತಕ್ಕದ್ದಲ್ಲ.